ಕಿರಿಯನ ದೂತ

ಬೇಲೂರು ಮೇಲೋ ಹಳೇಬೀಡು ಮೇಲೋ ಎಂದು ನಮ್ಮ ಕಡೆಯವರು ಕಿತ್ತಾಡುವ ಹಾಗೆ, ನಾನೂ ಕುಮಾರಸ್ವಾಮಿಯವರೂ ಪ್ರಾಚೀನ ಗ್ರೀಸಿನ ಮೂವರು ದುರಂತ ನಾಟಕಕಾರರ ಬಗ್ಗೆ ಕಿತ್ತಾಡುತ್ತೇವೆ. ಎಂ.ಎ. ಓದುವಾಗ ಶುರುವಾದದ್ದು. ಆಮೇಲೆ ನಾನು ಇಂಗ್ಲಿಷ್ ಲೆಕ್ಚರರ್ ಆದೆ, ಅವರು ಅರಸೀಕೆರೆಯಲ್ಲಿ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತರು. ಜಗಳ ಮಾತ್ರ ನಿಲ್ಲಲಿಲ್ಲ. ಭಾನುವಾರ ಮಧ್ಯಾಹ್ನ ಮಂಡಿಯ ಕದ ಅರ್ಧ ಎಳೆದು, ತಮ್ಮ ಫೋನನ್ನು ಗಲ್ಲಾಪೆಟ್ಟಿಗೆಯೊಳಗೆ ಹಾಕಿ, "ಶುರು ಮಾಡಿ ಹಂಸಾ" ಎನ್ನುತ್ತಾರೆ.

ಆ ಮೂವರನ್ನು ನಾವು ಹಿರಿಯ, ನಡುವಿನವ, ಕಿರಿಯ ಎಂದೇ ಕರೆಯುವುದು. ದೇವರುಗಳ ಕೋಪ, ಮನೆತನದ ಶಾಪ ಎಲ್ಲವನ್ನೂ ಗುಡುಗಿಸುವ ಹಿರಿಯನಿಗೆ ಇಬ್ಬರೂ ಕೈಮುಗಿದು ಸುಮ್ಮನಾಗಿದ್ದೇವೆ. ನನ್ನ ಪಕ್ಷ ಕಿರಿಯನದು. ಅವನ ಹೆಂಗಸರು ಮನಸ್ಸಿನಲ್ಲಿದ್ದದ್ದನ್ನು ನುಂಗಿಕೊಳ್ಳುವವರಲ್ಲ. ಆ ನಾಟಕಗಳಲ್ಲಿ ಸಾವು ರಂಗದ ಹಿಂದೆ ಆಗುತ್ತದೆ. ದೂತ ಬಂದು ಹೇಳುತ್ತಾನೆ. ಕಿರಿಯನ ದೂತ ಒಂದನ್ನೂ ಬಿಡುವುದಿಲ್ಲ.

"ನಡುವಿನವನಲ್ಲಿ ಸುದ್ದಿ ಕೇಳಿದ ಹೆಂಗಸು ಸಾಯೋಕೆ ಹೊರಟಾಗ್ಲೂ ಒಂದು ಮಾತಾಡದೆ ಒಳಗೆ ಹೋಗ್ತಾಳೆ," ಎಂದರು ಆ ಭಾನುವಾರ ಕುಮಾರಸ್ವಾಮಿಯವರು. "ನಾಟಕ ಇರೋದು ಅಲ್ಲಿ ಕಣ್ರೀ."

"ಮಾತು ಹೊಳೀದೆ ಇದ್ದಾಗ ಮಾಡೋ ಉಪಾಯ ಅದು," ಎಂದೆ.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಹೊರಗೆ ಹೋಗಿ ಎತ್ತಿದೆ. ಜಾವಗಲ್ಲಿನಿಂದ ನಟರಾಜ್, ಕುಮಾರಸ್ವಾಮಿಯವರ ಅಕ್ಕ ಕಾಂತಮ್ಮನ ಮಗ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ಆಕೆ. ಅಮ್ಮ ತೀರಿಕೊಂಡಳು ಎಂದು ಅಳುತ್ತ ಅವನು ಎಲ್ಲವನ್ನೂ ಹೇಳಿದ. ಕೊನೆಗೆ, "ಮಾವಂಗೆ ಸೀರಿಯಸ್ ಅಂತಷ್ಟೇ ಹೇಳಿ ಕರ್ಕಂಡು ಬನ್ನಿ ಮೇಡಂ," ಎಂದ.

ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು. ನನಗೆ ಅದು ಆಗದು. ನನ್ನ ಅಪ್ಪ ಹೋದಾಗಲೂ ಹಾಗೇ ಹೇಳಿ ಕರೆಸಿದ್ದರು. ಬಸ್ಸಿನಲ್ಲಿ ಕೂತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಇವರಿಗೆ ಆ ಮೋಸ ಮಾಡಲಾರೆ ಎಂದುಕೊಂಡು ಒಳಗೆ ಬಂದೆ.

"ಕಾಂತಕ್ಕ ಹೋಗ್ಬಿಟ್ರು, ಕುಮಾರಸ್ವಾಮಿ."

ಅವರು ನನ್ನ ಮುಖ ನೋಡಿದರು. ಎದ್ದರು. ಒಂದು ಮಾತಾಡದೆ ಕೊಬ್ಬರಿ ಮೂಟೆಗಳ ನಡುವೆ ಹಾದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಬಾಗಿಲ ಹೊರಗೆ ನಿಂತೆ. ಒಳಗಿನಿಂದ ಸದ್ದೇ ಇಲ್ಲ. ಜೀವನದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ. ಉಪಾಯವಂತೆ ಉಪಾಯ. ನಡುವಿನವನಿಗೆ ನಾನು ಸೋತದ್ದು ಅಲ್ಲೇ.

ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದರು. ನನ್ನ ಕಾರಿನಲ್ಲಿ ಹೊರಟೆವು. ಊರು ದಾಟಿದ ಮೇಲೆ ಬಾಯಿ ಬಿಟ್ಟರು.

"ಹೇಗಾಯ್ತು ಹೇಳಿ. ನಿಮ್ಮ ಕಿರಿಯನ ದೂತನ ಥರ ಹೇಳಿ. ಏನೂ ಬಿಡಬೇಡಿ."

ಹೇಳಿದೆ. ಬೆಳಿಗ್ಗೆ ಕಾಂತಕ್ಕ ತಾವೇ ಒಲೆ ಮುಂದೆ ಕೂತು ಒಬ್ಬಟ್ಟು ತಟ್ಟಿದ್ದು. ಊಟ ಮಾಡಿ ಜಗಲಿಯ ಕಂಬಕ್ಕೆ ಒರಗಿ, ಯಾಕೋ ಎದೆ ಹಿಡ್ಕೊಂಡ ಹಾಗೈತೆ ಅಂದದ್ದು. ನಟರಾಜ್ ನೀರು ತರುವಷ್ಟರಲ್ಲಿ ತಲೆ ವಾಲಿದ್ದು. ಇನ್ನೊಂದು ಉಳಿದಿತ್ತು. ಅದನ್ನೂ ಬಿಡಲಿಲ್ಲ.

"ಸಂಜೆ ತಮ್ಮಂಗೆ ಕೊಟ್ಟು ಬಾ ಅಂತ ಒಬ್ಬಟ್ಟು ಡಬ್ಬಿಗೆ ಹಾಕಿಟ್ಟಿದ್ರಂತೆ. ಡಬ್ಬಿ ಜಗಲಿ ಮೇಲೇ ಇದೆಯಂತೆ."

ಆಗ ಕುಮಾರಸ್ವಾಮಿಯವರು ಅತ್ತರು, ಜೋರಾಗಿ, ಮಗುವಿನ ಹಾಗೆ. ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಬಾಯಿ ಮುಚ್ಚಿಕೊಂಡು ಕೂತೆ.