ಸೋಮವಾರದ ಲೇಪ

ಲೇಪ ಗಲ್ಲ ದಾಟಿ ತುಟಿಗೂ ಬಂದಾಗ ಎಟೆಲ್ಕಾ ರೂಢಿಯಂತೆ ಬಾಯಿ ಮುಚ್ಚಿಕೊಂಡಳು. ಅದು ಗಟ್ಟಿಯಾಗುವವರೆಗೆ ಮುಖ ಅಲುಗಬಾರದು. ಅಲುಗಿದರೆ ಬಿರುಕು ಬಿಟ್ಟು ಮಾಡಿದ್ದೆಲ್ಲ ದಂಡ. ಗಿರಾಕಿಗಳಿಗೆ ಅವಳೇ ದಿನಾ ಹೇಳುವ ಮಾತು ಇದು.

ಸೋಮವಾರ ಹಂಗೇರಿಯ ಸೆಗೆಡ್ ಊರಿನ ಆ ಪುಟ್ಟ ಸಲೂನಿಗೆ ರಜ. ಅವತ್ತು ಅದನ್ನು ನಡೆಸುವ ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು ಫೇಶಿಯಲ್ ಮಾಡಿಕೊಳ್ಳುತ್ತಿದ್ದರು. ಹಬೆ ಹಿಡಿದು, ರಂಧ್ರಗಳ ಕೊಳೆ ತೆಗೆದು, ಚರ್ಮಕ್ಕೆ ನೀರು ಕುಡಿಸಿ, ಕೊನೆಗೆ ಲೇಪ. ಮೊದಲು ಎಟೆಲ್ಕಾ ಮಲಗುವಳು, ಆಮೇಲೆ ಯೋಲಾನ್. ಎಟೆಲ್ಕಾಳನ್ನು ಗಂಡ ಬಿಟ್ಟುಹೋದ ವರ್ಷ ಅವಳನ್ನು ಕರೆದು ಸಲೂನಿನಲ್ಲಿ ಪಾಲು ಕೊಟ್ಟವಳು ಯೋಲಾನ್. ಅಕ್ಕತಂಗಿಯರ ನಡುವೆ ಕಾಗದ ಪತ್ರ ಯಾಕೆ ಎಂದುಕೊಂಡಿದ್ದರು. ಅವರೇನು ಅಕ್ಕತಂಗಿಯರಲ್ಲ.

"ನೀನು ಮಾತಾಡ್ಬೇಡ, ಲೇಪ ಒಡೆಯುತ್ತೆ," ಎಂದಳು ಯೋಲಾನ್. "ಸುಮ್ನೆ ಕೇಳಿಸ್ಕೋ. ಮುಂದಿನ ತಿಂಗಳಿಂದ ನನ್ನ ಸೊಸೆ ತಿಮೆಯಾ ಇಲ್ಲಿ ಕೆಲಸಕ್ಕೆ ಬರ್ತಾಳೆ. ಹೊಸ ಮೆಷಿನ್ ತರ್ತಾಳಂತೆ. ಇಲ್ಲಿ ಮೂರು ಜನಕ್ಕೆ ಜಾಗ ಎಲ್ಲಿದೆ ಹೇಳು. ಬಾಡಿಗೆ ಕರಾರೂ ನನ್ನ ಹೆಸರಲ್ಲೇ ಇರೋದು. ನಿನ್ನ ಕೈಗೆ ಎಲ್ಲಿ ಹೋದ್ರೂ ಕೆಲಸ ಸಿಗುತ್ತೆ ಬಿಡು."

ಕಣ್ಣಿನ ಮೇಲೆ ಒದ್ದೆ ಹತ್ತಿ, ಬಾಯಿಯ ಮೇಲೆ ಲೇಪ. ಎದ್ದು ಕೂತು ಕಿತ್ತೆಸೆಯಬಹುದಿತ್ತು. ಎಟೆಲ್ಕಾ ಏಳಲಿಲ್ಲ. ಕಸುಬು ಮೈಗೆ ಹತ್ತಿದವರ ಪಾಡೇ ಇಷ್ಟು, ಮನೆಗೆ ಬೆಂಕಿ ಬಿದ್ದರೂ ಮೊದಲು ಲೇಪ ಒಣಗಲಿ ಎನ್ನುತ್ತಾರೆ. ಮೋಸ ಹೋದ ಸಂಕಟಕ್ಕಿಂತ, ಬಾಯಿ ಕಟ್ಟಿದ ಹೊತ್ತು ನೋಡಿ ಹೇಳಿದಳಲ್ಲ ಎಂಬ ಸಿಟ್ಟೇ ಹೆಚ್ಚು ಸುಡುತ್ತಿತ್ತು.

ಲೇಪ ಇಡಿಯಾಗಿ ಎದ್ದು ಬಂತು. "ಎಷ್ಟು ಕಳೆಯಾಗಿದೆ ನೋಡು," ಎಂದ ಯೋಲಾನ್ ಕಣ್ಣು ತಪ್ಪಿಸಿದಳು. "ಗಸಗಸೆ ಸುರುಳಿ ಕೇಕ್ ಮಾಡ್ಕೊಂಡು ಬಂದಿದೀನಿ. ಕಾಫಿ ಜೊತೆ ತಿನ್ನು ಬಾ."

"ಮೊದ್ಲು ಮಲಕ್ಕೋ. ನಿನ್ನ ಸರದಿ."

"ಇವತ್ತು ಬೇಡ ಕಣೇ."

"ಯಾಕೆ, ಭಯಾನಾ? ನಿನ್ನ ಹಾಗೆ ಬಾಯಿ ಕಟ್ಟಿ ಹೇಳೋಳಲ್ಲ ನಾನು. ಮಲಕ್ಕೋ."

ಯೋಲಾನ್ ಮಲಗಿ ಕಣ್ಣು ಮುಚ್ಚಿದಳು. ಎಟೆಲ್ಕಾ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ಮೂಗಿನ ಪಕ್ಕ ಬೆರಳಾಡಿಸಿದಳು. ತೆಗೆಯಲು ಏನೂ ಇರಲಿಲ್ಲ. ರಂಧ್ರಗಳು ಶುಚಿಯಾಗಿದ್ದವು, ಕೆನ್ನೆ ನೀರು ಕುಡಿದು ತುಂಬಿಕೊಂಡಿತ್ತು. ನಿನ್ನೆಯೋ ಮೊನ್ನೆಯೋ ಬೇರೆ ಯಾರೋ ಮಾಡಿದ ಕೆಲಸ. ಕೆಲಸ ಚೆನ್ನಾಗಿಯೂ ಇತ್ತು.

"ತಿಮೆಯಾ ಮಾಡಿದ್ಲಾ?"

"ಅವಳ ಕೈ ಹೇಗಿದೆ ಅಂತ ನೋಡ್ಬೇಕಿತ್ತಲ್ಲ," ಎಂದಳು ಯೋಲಾನ್, ಮೆಲ್ಲಗೆ.

ಎಟೆಲ್ಕಾಳ ಬೆರಳುಗಳು ಆ ಕೆನ್ನೆಯ ಮೇಲೆ ಹಾಗೇ ನಿಂತವು. ಇಷ್ಟು ವರ್ಷ ಈ ಮುಖ ತನ್ನೊಬ್ಬಳ ಕೈಯಲ್ಲಿದೆ ಎಂದು ನಂಬಿದ್ದಳು. ಸಲೂನು ಹೋದದ್ದಕ್ಕೆ ಬಾರದ ಅಳು ಈಗ ಬಂತು. ಕೈ ತೆಗೆದು, ದೀಪ ಆರಿಸಿ, ಕೋಟು ತೊಟ್ಟಳು.

ಅವಳು ಬಾಗಿಲು ತೆರೆದಾಗ ಬೀದಿಯ ಟ್ರಾಮಿನ ಸದ್ದು ಒಳಗೆ ಬಂತು. ಯೋಲಾನ್ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು, ಹಬೆಗಾಗಿ ಮುಖವೊಡ್ಡಿ.