ಅವ್ವ ಕಟ್ಟುತ್ತಿದ್ದ ಮೂರು ಮುದ್ದೆ

1963ರ ಜನವರಿ 20, ಭಾನುವಾರ, ಮಧ್ಯಾಹ್ನ ಒಂದೂವರೆ ಗಂಟೆಗೆ, ಕೊಣನೂರಿನ ಅಣ್ಣಮ್ಮತ್ತೆಯ ಮನೆಯಲ್ಲಿ ನಮ್ಮಪ್ಪ ಎರಡನೆಯ ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಊಟದಿಂದ ಎದ್ದ.

ಅತ್ತೆ ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಹಿತುಕಿದ ಅವರೆಬೇಳೆಯ ಸಾರು ಒಲೆಯ ಮೇಲೆ ಇನ್ನೂ ಕುದಿಯುತ್ತಿತ್ತು.

“ಯಾಕಣ್ಣ, ಸಾರು ಇಡಿಸ್ಲಿಲ್ವಾ?”

“ಸಾರು ಸಂದಾಗೈತೆ ಕಣಮ್ಮಿ. ಯಾಕೋ ಇವತ್ತು ಸೇರಾಕಿಲ್ಲ.”

ಅತ್ತೆಯ ಗಂಡ ಬೀರಲಿಂಗಯ್ಯ ಮಾವನಿಗೆ ಇಂಥ ಅವಕಾಶ ಸಿಕ್ಕಿದ್ದು ಅದೇ ಮೊದಲು. “ಏನ್ ಭಾವ, ಇಟ್ಟೇ ನಿನ್ನ ಕೆಡವ್ಬುಡ್ತಲ್ಲ! ಇನ್ನು ನನ್ ಓರಿಗಳ್ನ ಎಂಗೆ ಬಗ್ಗಿಸ್ತೀಯಾ?” ಎಂದು ತೊಡೆ ತಟ್ಟಿಕೊಂಡು ನಕ್ಕ.

ನಾವು ಅಲ್ಲಿಗೆ ಹೋಗಿದ್ದೇ ಆ ಹೋರಿಗಳನ್ನು ನೋಡಲು. ಮಾವ ಮನೆಯಲ್ಲೇ ಸಾಕಿದ ಜೋಡಿ. ಇನ್ನೂ ನೊಗ ಕಾಣದವು. ನಮ್ಮ ಹಳೆಯ ಎತ್ತುಗಳು ಸೋತಿದ್ದರಿಂದ ಅವನ್ನು ತಂದು ಪಳಗಿಸಬೇಕೆಂದು ಅಪ್ಪ ಸುಗ್ಗಿಗೆ ಮೊದಲೇ ನಿರ್ಧರಿಸಿದ್ದ. ಊಟವಾದ ಮೇಲೆ ಕೊಟ್ಟಿಗೆಗೆ ಹೋಗಿ ಅವುಗಳ ಬೆನ್ನು ಸವರಿದ, ಹಲ್ಲು ನೋಡಿದ. ಆಮೇಲೆ “ಏಳಿ ಕಳಿಸ್ತೀನಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಮನೆ ಮುಟ್ಟುವವರೆಗೂ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ನಮ್ಮದು ಹಳೇಕೋಟೆಯ ಹತ್ತಿರದ ಒಂದು ಸಣ್ಣ ಊರು. ಅಲ್ಲಿ ನಮ್ಮಪ್ಪ ಹುಲಿಯಪ್ಪ ಎಂದರೆ ಮೂರು ಮುದ್ದೆ. ಕೆಲವರಿಗೆ ತಲೆ ನೆರೆಯುತ್ತದೆ, ಕೆಲವರಿಗೆ ಹಲ್ಲು ಅಲುಗುತ್ತದೆ. ಅಪ್ಪನಿಗೂ ಇವೆರಡೂ ಆಗಿದ್ದವು, ಆದರೆ ಅವನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಸ್ಸು ಹತ್ತುವಾಗ ಮೊಣಕಾಲು ನೊಂದರೆ, ಕಂಪನಿಯವರು ಮೆಟ್ಟಿಲು ಎತ್ತರ ಮಾಡಿದ್ದಾರೆ ಎನ್ನುತ್ತಿದ್ದ. ಬಾವಿ ಸೇದಿ ಏದುಸಿರು ಬಂದರೆ, ಈಚೆಗೆ ನೀರು ತೂಕ ಬರುತ್ತಿದೆ ಎನ್ನುತ್ತಿದ್ದ. ಐವತ್ತೆಂಟು ವರ್ಷವಾಯಿತಲ್ಲ ಎಂದು ಯಾರಾದರೂ ನೆನಪಿಸಿದರೆ, “ಆಗ್ಲಿ ಬುಡ್ಲಾ, ಇವತ್ತೂ ಮೂರು ಇಟ್ಟು ಉಂಡು ಬಂದಿವ್ನಿ. ನೀನ್ ಎಷ್ಟು ಉಂಡೆ?” ಎಂದು ಬಾಯಿ ಮುಚ್ಚಿಸುತ್ತಿದ್ದ.

ಆ ರಾತ್ರಿ ಮನೆಯಲ್ಲಿ ಅವ್ವ ಬಡಿಸಿದ ಮೂರೂ ಮುದ್ದೆಗಳನ್ನು ಅಪ್ಪ ಚೂರೂ ಉಳಿಸದೆ ಉಂಡ. ನನಗೆ ಸಮಾಧಾನವಾಯಿತು. ಅವನಿಗೆ ಭಯ ಹೆಚ್ಚಾಯಿತು. ನನ್ನ ಕಡೆ ತಿರುಗಿ ಕೇಳಿದ:

“ಮನೇಲಿ ಸೇರ್ತೈತೆ, ಅಲ್ಲಿ ಸೇರ್ಲಿಲ್ಲ. ಅಂದ್ರೆ ಏನವ್ವ ಅರ್ಥ? ಒಳಗೆ ಏನೋ ಕುಂತೈತೆ. ಒಂದೊಂದ್ ಕಿತ ತಲೆ ಎತ್ತತೈತೆ, ಒಂದೊಂದ್ ಕಿತ ಮಲಗ್ತೈತೆ.”

“ಏನೂ ಇರಲ್ಲಪ್ಪ.”

“ಕೆಳಗಿನ ಮನೆ ಚೆನ್ನಯ್ಯಂಗೂ ಇಂಗೇ ಆಗಿದ್ದು. ಮೊದ್ಲು ಅನ್ನ ಸೇರ್ಲಿಲ್ಲ, ಆಮೇಲೆ ಗಡ್ಡೆ ಅಂದ್ರು. ಆರ್ ತಿಂಗಳು ಇರ್ಲಿಲ್ಲ ಆಸಾಮಿ.” ಕೊನೆಗೆ ಹೇಳಿದ: “ಆಸ್ಪತ್ರೆಗೆ ಕರ್ಕೊಂಡೋಗು. ಓರಿ ಬ್ಯಾಡ. ಒಲಾನ ಯಾರ್ಗಾರ ವಾರಕ್ಕೆ ಕೊಟ್ಟು ಬೆಳೇಲಿ ಪಾಲು ಇಸ್ಕತೀನಿ. ಇರಾಗಂಟ ನಿಮ್ಮವ್ವ ನೆಮ್ಮದಿಯಾಗಿರ್ಲಿ.”

ಅಡಿಗೆಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು ನಿಂತಿತು. ಅವ್ವ ಬಾಗಿಲಿಗೆ ಬಂದು, ಏನೋ ಹೇಳಲು ಹೊರಟವಳು, ಸೆರಗಿನಲ್ಲಿ ಕೈ ಒರೆಸಿಕೊಂಡು ಹಾಗೇ ಒಳಗೆ ಹೋದಳು.

ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಆ ವಾರವೆಲ್ಲ ಈ ವಿಷಯವನ್ನು ತಲೆಯಲ್ಲಿ ತಿರುವಿಹಾಕಿದೆ. ಉಣ್ಣುವ ಮನುಷ್ಯ ಒಬ್ಬನೇ, ದಿನವೂ ಒಂದೇ. ಊರು ಮಾತ್ರ ಬೇರೆ. ಹಾಗಾದರೆ ವ್ಯತ್ಯಾಸ ಕೊಣನೂರಿನ ನೀರಿನಲ್ಲಿರಬೇಕು, ಇಲ್ಲವೇ ಅಲ್ಲಿಯ ರಾಗಿಯಲ್ಲಿ. ಅವರೆಬೇಳೆ ವಾಯು ಎಂದೂ ಯೋಚಿಸಿದೆ. ಮುದ್ದೆಯ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಮುದ್ದೆ ಎಂಬುದೇ ಒಂದು ಅಳತೆ, ಸೇರು ಪಾವಿನ ಹಾಗೆ, ಎಂದು ನಂಬಿ ಬೆಳೆದವಳು ನಾನು.

ಶನಿವಾರ ಶಾಲೆಯಲ್ಲಿ ಗಣರಾಜ್ಯೋತ್ಸವ ಮುಗಿಸಿಕೊಂಡು ಊರಿಗೆ ಬಂದೆ. ಸೋಮವಾರ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವುದೆಂದು ಆಗಿತ್ತು. ಭಾನುವಾರ ಬೆಳಿಗ್ಗೆ, ತನ್ನ ಅಣ್ಣನಿಗೆ ಹುಷಾರಿಲ್ಲವೆಂಬ ಸುದ್ದಿ ತಿಳಿದು, ಅಣ್ಣಮ್ಮತ್ತೆ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಬಂದಿಳಿದಳು. ಬಂದವಳೇ ಅಣ್ಣನ ಮುಖ ನೋಡಿ ಒಂದಿಷ್ಟು ಅತ್ತು, ಆಮೇಲೆ ಕಣ್ಣೊರೆಸಿಕೊಂಡು ಅಡಿಗೆಮನೆಗೆ ನಡೆದಳು. ಅಲ್ಲಿ ಅವ್ವ ಹಿಟ್ಟು ತಿರುವಿ, ಮರದ ಹಲಗೆಯ ಮೇಲೆ ಒದ್ದೆ ಕೈಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

“ಇದೇನ್ ಅತ್ಗೆ, ಯಾವ್ ಮಗೀಗೆ ಕಟ್ಟಿದ್ಯೆ ಇದ್ನ?” ಅತ್ತೆಯ ದನಿ ಯಾವಾಗಲೂ ದೊಡ್ಡದು, ಬೀದಿಯಲ್ಲಿದ್ದವರಿಗೂ ಕೇಳುವಂಥದ್ದು.

“ಮೆಲ್ಲಗೆ ಮಾತಾಡು ಅಣ್ಣಮ್ಮ,” ಎಂದಳು ಅವ್ವ.

“ಯಾಕ್ ಮೆಲ್ಲಗೆ? ನಮ್ಮಣ್ಣಂಗೆ ಇದೇನಾ ಇಕ್ಕೋದು ನೀನು? ಇಂತಾವು ಮೂರಲ್ಲ, ನಾನೇ ನಾಕು ಉಣ್ತೀನಿ!”

ಅವ್ವ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ರಾಗಿಹಿಟ್ಟು ಅತ್ತೆಯ ಮೂಗಿಗೆಲ್ಲ ಮೆತ್ತಿಕೊಂಡಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಅಪ್ಪ ಬಂದು ನಿಂತಿದ್ದ.

“ಏನು ಸಮಾಚಾರ?” ಎಂದ.

ಅವ್ವ ನೆಲ ನೋಡುತ್ತ ನಿಧಾನವಾಗಿ ಹೇಳಿದಳು.

“ಈ ಕುಮಾರಿ ಮೈಸೂರಿಗೆ ಓದಕ್ಕೆ ಓಗಿದ್ ವರ್ಸ, ಒಂದಿನ ಅರ್ಧ ಮುದ್ದೆ ಬುಟ್ಟು ಎದ್ರಿ. ‘ನನ್ ಕತೆ ಆಯ್ತು ಕಣೆ ಲಕ್ಕಿ, ಮುದ್ಕ ಆದೆ’ ಅಂದ್ಕಂಡು ಇಡೀ ರಾತ್ರಿ ನಿದ್ದೆ ಮಾಡ್ಲಿಲ್ಲ. ನಂಗೂ ಮಾಡಗೊಡ್ಸಲಿಲ್ಲ. ಮಾರ್ನೇ ದಿನ ಒಂದ್ಚೂರು ಸಣ್ಣದು ಕಟ್ಟಿದೆ. ಮೂರೂ ಉಂಡ್ರಿ, ಗೊರಕೆ ಒಡೆದ್ರಿ. ಆಮ್ಯಾಕೆ ಪ್ರತಿ ವರ್ಸ ಒಂದೊಂದ್ ಚಿಟುಕು ಕಮ್ಮಿ ಮಾಡ್ಕಂಡ್ ಬಂದೆ.”

ಅಪ್ಪ ಹಲಗೆಯ ಮೇಲಿನ ಮುದ್ದೆಯನ್ನೇ ನೋಡಿದ. ಏಳು ವರ್ಷ ದಿನಕ್ಕೆರಡು ಬಾರಿ ಕಂಡದ್ದನ್ನು ಅಂದು ಮೊದಲ ಸಲ ಕಾಣುವವನ ಹಾಗೆ.

“ತಕ್ಕಡಿ ತಗೊಂಬಾವ್ವ,” ಎಂದ ನನಗೆ.

ಮೆಣಸಿನಕಾಯಿ ತೂಗಲು ಇಟ್ಟಿದ್ದ ತಕ್ಕಡಿಯನ್ನೂ ಹೊಸ ಗ್ರಾಮಿನ ಬಟ್ಟುಗಳನ್ನೂ ತಂದೆ. ಮುದ್ದೆ ಅಂಟಬಾರದೆಂದು ಒಂದು ತಟ್ಟೆಗೆ ಒದ್ದೆ ಮುತ್ತುಗದೆಲೆ ಹಾಕಿ, ಸಮವಾಗಲೆಂದು ಇನ್ನೊಂದಕ್ಕೂ ಅಂಥದ್ದೇ ಎಲೆ ಹಾಕಿದೆ. ಅತ್ತೆ ಅದೇ ಹಿಟ್ಟಿನಲ್ಲಿ ತನ್ನ ಮನೆಯ ಗಾತ್ರದ ಒಂದು ಮುದ್ದೆ ಕಟ್ಟಿಕೊಟ್ಟಳು. ಅದು ನಾನೂರು ಗ್ರಾಂ ತೂಗಿತು. ಅವ್ವನದು ಸರಿಯಾಗಿ ಅದರ ಅರ್ಧ.

“ನೋಡಪ್ಪ,” ಎಂದೆ. “ಅಲ್ಲಿ ಒಂದೂವರೆ, ಇಲ್ಲಿ ಮೂರು. ಎರಡೂ ಆರುನೂರೇ. ನಿನ್ನ ಹೊಟ್ಟೆ ಎರಡು ಕಡೆಯೂ ಒಂದೇ ಮಾತು ಹೇಳಿದೆ.”

“ಅಂಗಾರೆ ಗಡ್ಡೆ ಇಲ್ವಾ?”

“ಇಲ್ಲ.”

“ಮತ್ತೇನಿದು ಕಾಯಿಲೆ?”

“ಕಾಯಿಲೆ ಅಲ್ಲ,” ಎಂದಳು ಅವ್ವ. “ವಯಸ್ಸು.”

ಅಪ್ಪನಿಗೆ ಸಿಟ್ಟು ಬಂತು. “ಏಳ್ ವರ್ಸ ಕಣೆ! ಊರ್ನಾಗೆಲ್ಲ ಮೂರು ಮೂರು ಅಂತ ಎದೆ ತಟ್ಕಂಡು ತಿರುಗಿದೆನಲ್ಲೇ!”

“ಮೂರೇ ತಾನೇ ಉಂಡಿದ್ದು? ನೀವೇನ್ ಸುಳ್ಳು ಏಳಿಲ್ವಲ್ಲ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಹಳೆಯ ಎತ್ತಿನ ಕೊರಳಡಿ ಜೋಲುವ ಗಂಗೆದೊಗಲು ನೀವುತ್ತ ನಿಂತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ವಾರ ಹೊತ್ತುಕೊಂಡಿದ್ದ ಸಾವಿನ ಭಯ ಇಳಿದಿತ್ತು. ಅದು ಇಳಿದ ಜಾಗಕ್ಕೆ ಬಂದದ್ದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ.

“ಗಡ್ಡೆ ಆಗಿದ್ರೆ ಡಾಕ್ಟ್ರು ಕುಯ್ದು ಬಿಸಾಕೋರು,” ಎಂದ. “ಇದ್ನ ಯಾರ್ತಾವ ಕುಯ್ಸಾದವ್ವ?”

ಆಮೇಲೆ ತಾನೇ ತುಸು ನಕ್ಕ. “ಕಳ್ಳಿ, ನಿಮ್ಮವ್ವ. ನಂಗೊಂದ್ ಮಾತು ಏಳ್ದೆ ನನ್ನ ಮುದ್ಕನ್ ಮಾಡವ್ಳೆ,” ಎಂದು ಎತ್ತಿನ ಬೆನ್ನಿಗೊಂದು ತಟ್ಟಿ ಒಳಗೆ ನಡೆದ.

ನಡುಮನೆಯಲ್ಲಿ ಅತ್ತೆಯನ್ನು ಕರೆದು ಹೇಳಿದ: “ಲಿಂಗಯ್ಯಂಗೆ ಏಳು, ಓರಿ ಬೇರೆ ಯಾರ್ಗೂ ಕೊಡ್ಬ್ಯಾಡ ಅಂತ. ಬರೋ ವಾರ ನಾನೇ ಬತ್ತೀನಿ. ಒಲ ನಾನೇ ಉಳ್ತೀನಿ.” ಒಂದು ಕ್ಷಣ ತಡೆದು, ಬೇರೆ ಕಡೆ ನೋಡುತ್ತ ಸೇರಿಸಿದ: “ಪಳಗಿಸಾಗ ನಿನ್ ಮಗನ್ನ ಒಂದೀಟ್ ದಿನ ಕಳ್ಸು. ಅಗ್ಗ ಇಡ್ಕಳಾಕೆ ಇನ್ನೊಂದ್ ಜೊತೆ ಕೈ ಇದ್ರೆ ಒಳ್ಳೇದು.”

ಅಪ್ಪ ಇನ್ನೊಬ್ಬರ ಕೈ ಕೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ. ಅವಳು ಏನೂ ಹಾಸ್ಯ ಮಾಡದೆ ತಲೆಯಾಡಿಸಿದಳು.

ಊಟಕ್ಕೆ ಕೂತಾಗ ಅವ್ವ ಬಿಸಿ ಹಿಟ್ಟಿನ ಮುಂದೆ ಕೈ ಒದ್ದೆ ಮಾಡಿಕೊಂಡು ಕಾದಳು. ಏಳು ವರ್ಷದಲ್ಲಿ ಅವಳು ಅಪ್ಪನನ್ನು ಕೇಳಿ ಮುದ್ದೆ ಕಟ್ಟಿದ್ದೇ ಇಲ್ಲ.

“ಎಷ್ಟು ದೊಡ್ಡದು ಕಟ್ಲಿ?”

“ಎಷ್ಟಾರ ಕಟ್ಕೊ. ಲೆಕ್ಕ ಮಾತ್ರ ಮೂರಿರ್ಲಿ.”

ಅವ್ವ ಹಲಗೆಯ ಕಡೆ ತಿರುಗಿ ಮೂರು ಕಟ್ಟಿದಳು. ಮೂರನೆಯದನ್ನು ಅಪ್ಪನ ತಟ್ಟೆಗೆ ಹಾಕುವ ಮೊದಲು ಇಸಿದುಕೊಂಡು ತಕ್ಕಡಿಗೆ ಇಟ್ಟೆ. ನೂರ ತೊಂಬತ್ತು ಗ್ರಾಂ ಇತ್ತು.