ಗಾಡಿಗೆ ನಾಲ್ಕು ಪಾಲು

ನಾನು ಒಂದು ಜೀಪು. ನನಗೆ ನಾಲ್ಕು ಗಾಲಿ. ಅದೇನು ದೊಡ್ಡಸ್ತಿಕೆ, ಎಲ್ಲ ಕಾರಿಗೂ ನಾಲ್ಕೇ ಅಲ್ಲವೇ ಎಂದು ಮೂಗು ಮುರಿಯಬೇಡಿ. ಸಾಮಾನ್ಯ ಕಾರಿನಲ್ಲಿ ಎರಡು ಗಾಲಿ ದುಡಿಯುತ್ತವೆ, ಇನ್ನೆರಡು ಸುಮ್ಮನೆ ಜೊತೆಗೆ ಉರುಳುತ್ತವೆ. ನನ್ನಲ್ಲಿ ಗೇರಿನ ಪಕ್ಕದಲ್ಲೇ ಇನ್ನೊಂದು ಸಣ್ಣ ಹಿಡಿಕೆ ಇದೆ. ಅದನ್ನು ಎಳೆದರೆ ನಾಲ್ಕೂ ಗಾಲಿಗಳು ದುಡಿಯುತ್ತವೆ. ಈ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಆ ಜಂಬ ಇಳಿದ ಕಥೆಯನ್ನೇ ಈಗ ಹೇಳುತ್ತೇನೆ.

ಕಾರ್ಖಾನೆಯಲ್ಲಿ ತಗಡು ಬಡಿದು, ಬೆಸುಗೆ ಹಾಕಿ, ಹಸಿರು ಬಣ್ಣ ಬಳಿದು ನನ್ನನ್ನು ಹೊರಗೆ ಬಿಟ್ಟಾಗ ಬೆಟ್ಟ ಹತ್ತಿಸುತ್ತಾರೆ, ಹೊಳೆ ದಾಟಿಸುತ್ತಾರೆ ಎಂದುಕೊಂಡಿದ್ದೆ. ನನ್ನನ್ನು ಕೊಂಡವರು ಹುಬ್ಬಳ್ಳಿಯ ಒಬ್ಬ ಬಟ್ಟೆ ವ್ಯಾಪಾರಿ. ಮದುವೆ ಮನೆಯ ಮುಂದೆ ನಿಲ್ಲಿಸಿ ನಾಲ್ಕು ಜನ ನೋಡಲಿ ಎಂದು ಕೊಂಡದ್ದು. ಅವರ ಮನೆಯಲ್ಲಿದ್ದಷ್ಟು ವರ್ಷ ಆ ಸಣ್ಣ ಹಿಡಿಕೆಯನ್ನು ಯಾರೂ ಮುಟ್ಟಲಿಲ್ಲ. ಒಮ್ಮೆ ಅವರ ಮೊಮ್ಮಗಳು ಅದಕ್ಕೆ ನೀರಿನ ಬಾಟಲಿ ನೇತುಹಾಕಿದ್ದಳು. ಅಷ್ಟೇ ಅದರ ಉಪಯೋಗ. ಆಮೇಲೆ ಅವರಿಗೆ ಮೆತ್ತನೆಯ ಸೀಟಿನ ಮೇಲೆ ಮನಸ್ಸಾಯಿತು, ನಾನು ಹಳೆ ಗಾಡಿ ಮಾರುವವನ ಅಂಗಳಕ್ಕೆ ಬಂದು ನಿಂತೆ.

ಅಲ್ಲಿಗೆ ಒಂದು ದಿನ ನಾಗವೇಣಿ ಹರಿಕಂತ್ರ ಬಂದಳು. ಕುಮಟೆಯ ಹತ್ತಿರ ಹೊಸಬೇಲೆ ಎಂಬ ಕಡಲ ದಂಡೆಯ ಕೇರಿಯವಳು. ಬೇಲೆ ಎಂದರೆ ಅವರಲ್ಲಿ ಮರಳಿನ ದಂಡೆ. ದಂಡೆಯಲ್ಲಿ ಮೀನು ಕೊಂಡು, ಬುಟ್ಟಿಯಲ್ಲಿ ಹೊತ್ತು, ಕುಮಟೆಯ ಪೇಟೆಯಲ್ಲಿ ಮಾರುವುದು ಅವಳ ಕೆಲಸ. ಗಂಡ ಮಲ್ಪೆಯ ದೊಡ್ಡ ಬೋಟಿನಲ್ಲಿ ದುಡಿಯುತ್ತಿದ್ದ, ಮಳೆಗಾಲಕ್ಕೆ ಮಾತ್ರ ಮನೆ. ದಂಡೆಗಿದ್ದ ರಸ್ತೆಯನ್ನು ಕಡಲು ಕೊರೆದು ತಿಂದ ಮೇಲೆ, ಡಾಂಬರು ರಸ್ತೆಯವರೆಗೆ ಹೂತುಹೋಗುವ ಮರಳಿನಲ್ಲೇ ತಲೆಹೊರೆ ಹೊತ್ತು ನಡೆಯಬೇಕಾಗಿತ್ತು. ಹಾಗೆ ಹೊತ್ತು ಹೊತ್ತು ಅವಳ ಕುತ್ತಿಗೆಯ ಎಲುಬು ಸವೆದಿತ್ತು. ಇನ್ನು ತಲೆಯ ಮೇಲೆ ಒಂದು ತಂಬಿಗೆಯನ್ನೂ ಇಡಬೇಡ ಎಂದು ಡಾಕ್ಟರು ಹೇಳಿದ್ದರು. ಹೊರಲಾಗದಿದ್ದರೆ ಬೇಲೆಯಲ್ಲಿ ಅವಳಿಗೆ ಜಾಗವಿಲ್ಲ. ಅದಕ್ಕೇ ಮರಳಿಗೂ ಆಗಬೇಕು, ದಿನಾ ಪೇಟೆಗೂ ಆಗಬೇಕು, ಅಂಥ ಗಾಡಿ ಹುಡುಕಿಕೊಂಡು ಬಂದಿದ್ದಳು.

ಜೊತೆಗೆ ಕುಮಟೆಯಲ್ಲಿ ಗಾಡಿ ರಿಪೇರಿ ಮಾಡುವ ಬಸ್ತ್ಯಾಂವ ಮೇಸ್ತ್ರಿ ಇದ್ದ. ಇಬ್ಬರ ನಡುವೆ ಒಂದು ಖಾಲಿ ಮೀನಿನ ಬುಟ್ಟಿ. ಅದನ್ನು ಹಿಡಿದುಕೊಂಡೇ ಅವಳು ಕುಮಟೆಯಿಂದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಬಂದಿದ್ದಳಂತೆ. ಮೂಗು ಮುಚ್ಚಿಕೊಂಡವರಿಗೆಲ್ಲ, "ಖಾಲಿ ಉಂಟು ಮಾರಾಯ್ರೆ, ತುಂಬಿದ್ರೆ ಎಂತಾ ಮಾಡ್ತಿದ್ರಿ?" ಎಂದು ಕೇಳಿದ್ದಳಂತೆ.

ನನ್ನ ಪಕ್ಕದಲ್ಲಿ ಒಂದು ಎತ್ತರದ ಬಿಳಿ ಕಾರು ಮಿರಮಿರ ಮಿಂಚುತ್ತಿತ್ತು. ಅಂಗಡಿಯವನು ಅದನ್ನೇ ಹೊಗಳಿದ. ನಾಗವೇಣಿ ಅದರ ಹಿಂಬಾಗಿಲು ತೆಗೆದು ಬುಟ್ಟಿ ಇಟ್ಟಳು. ಬಾಗಿಲು ಮುಚ್ಚಲಿಲ್ಲ. ನನ್ನ ಹಿಂಬದಿಗೆ ತಂದಿಟ್ಟಳು. ಅಂಥ ನಾಲ್ಕು ಬುಟ್ಟಿ ಹಿಡಿಸುವಷ್ಟು ಜಾಗವಿತ್ತು. ಅಷ್ಟರಲ್ಲಿ ಬಸ್ತ್ಯಾಂವ ಎರಡೂ ಗಾಡಿಗಳ ಅಡಿಯಲ್ಲಿ ಮಲಗಿ ಎದ್ದು ಬಂದ.

"ಬಿಳಿಯದ್ಕೆ ಮೈಮೇಲೆ ಫೋರ್ ಬೈ ಫೋರ್ ಅಂತ ಸ್ಟಿಕರ್ ಉಂಟು, ಒಳಗೆ ಸಾಮಾನು ಇಲ್ಲ ಅಕ್ಕಾ. ಬೇಲೆಯ ಹೊಯ್ಗೆಗೆ ಇಳಿದ್ರೆ ತನ್ನ ಗುಂಡಿ ತಾನೇ ತೋಡ್ಕಂಡು ಕೂತ್ಕಂತದೆ."

"ಈ ಹಸಿರಿಂದು?"

"ಚಂದ ಇಲ್ಲ. ಎಲುಬು ಗಟ್ಟಿ ಉಂಟು."

"ನನ್ನ ಹಂಗೆ ಅಲ್ಲ ಹಂಗಾರೆ. ಅಡ್ಡಿಲ್ಲ, ಇದ್ನೇ ತಗಂಬ" ಎಂದಳು ನಾಗವೇಣಿ.

ಚಂದ ಇಲ್ಲ ಎಂದದ್ದು ನನಗೆ ಈಗಲೂ ಸರಿ ಕಂಡಿಲ್ಲ.

ಬಸ್ತ್ಯಾಂವನ ಶೆಡ್ಡಿನಲ್ಲಿ ನನ್ನ ರೂಪವೇ ಬದಲಾಯಿತು. ತುಕ್ಕು ಹಿಡಿದು ಕೂತಿದ್ದ ಹಿಡಿಕೆಗೆ ಸೀಮೆಎಣ್ಣೆ ಬಿಟ್ಟು, ತಟ್ಟಿ, ಬೈದು, ಕೊನೆಗೂ ಸಡಿಲ ಮಾಡಿದ. ತೆಳ್ಳಗಿನ ಟೈರು ತೆಗೆದು ಅಗಲದವನ್ನು ಹಾಕಿದ. ಹಿಂದಿನ ಸೀಟುಗಳನ್ನು ಕಿತ್ತ. ಮೈಯನ್ನು ಸ್ವಲ್ಪ ಎತ್ತರಿಸಿ, ಉಪ್ಪು ತಾಗದಂತೆ ಹೊಟ್ಟೆಯಡಿ ದಪ್ಪಗೆ ಕರಿ ಬಣ್ಣ ಬಳಿದ. ಅಲ್ಲಿಯವರೆಗೂ ನಾನು ಖುಷಿಯಾಗಿಯೇ ಇದ್ದೆ. ಆಮೇಲೆ ಬೈರಿಗೆ ತೆಗೆದುಕೊಂಡು ನನ್ನ ನೆಲಕ್ಕೇ ತೂತು ಕೊರೆಯತೊಡಗಿದ. ಮೀನಿನ ನೀರು ಸೋರಿಹೋಗಬೇಕಲ್ಲ! ಮದುವೆ ಮನೆಯ ಮುಂದೆ ಅತ್ತರಿನ ಪರಿಮಳದಲ್ಲಿ ನಿಂತವನು ನಾನು. ಆ ದಿನ ಬಹಳ ನೊಂದುಕೊಂಡೆ.

ನಾಗವೇಣಿ ಮೊದಲೇ ಗಾಡಿ ಬಿಡಲು ಕಲಿತಿದ್ದಳು, ಆದರೆ ಮರಳು ಅವಳಿಗೂ ಹೊಸದು. ಮರಳಿಗಿಳಿಯುವ ಮೊದಲು ಟೈರಿನ ಗಾಳಿ ಅರ್ಧ ಬಿಡಬೇಕು ಎಂದು ಬಸ್ತ್ಯಾಂವ ಹೇಳಿದ್ದನ್ನು ಅವಳು ತಮಾಷೆ ಎಂದುಕೊಂಡಳು. ದುಡ್ಡು ಕೊಟ್ಟು ತುಂಬಿಸಿದ ಗಾಳಿಯನ್ನು ಯಾರಾದರೂ ಬಿಡುತ್ತಾರೆಯೇ? ಮೊದಲ ದಿನವೇ ಅಚ್ಚಿನವರೆಗೆ ಹೂತುಕೊಂಡೆವು. ಬೇಲೆಯ ಹೆಂಗಸರೆಲ್ಲ ಸುತ್ತ ನಿಂತು ನಗುತ್ತಿದ್ದರು. ಗಾಳಿ ಬಿಟ್ಟು, ಹಿಡಿಕೆ ಎಳೆದು, ಬ್ರೇಕು ಮುಟ್ಟದೆ ಮೆಲ್ಲಗೆ ಬಿಟ್ಟಾಗ ನಾನು ಎದ್ದು ಬಂದೆ. ಡಾಂಬರು ರಸ್ತೆ ಸಿಕ್ಕ ಕೂಡಲೇ ಕಾಲಿನ ಪಂಪಿನಿಂದ ಮತ್ತೆ ಗಾಳಿ ತುಂಬುವುದು ದಿನದ ರೂಢಿಯಾಯಿತು. ನಕ್ಕ ಹೆಂಗಸರು ಮಾರನೆಯ ದಿನ ತಮ್ಮ ಬುಟ್ಟಿಗಳ ಸಮೇತ ನನ್ನೊಳಗೆ ಕೂತಿದ್ದರು. ಬೆಳಿಗ್ಗೆ ಮೀನು, ಮಧ್ಯಾಹ್ನ ಅಕ್ಕಿಮೂಟೆ, ಸಂಜೆ ಯಾರದೋ ಮನೆಯ ಬಾಣಂತಿ. ಮದುವೆಗೂ ಕರೆದೊಯ್ದಿದ್ದರು, ಆದರೆ ಚಪ್ಪರದಿಂದ ದೂರ ನಿಲ್ಲಿಸಿ.

ಸಂಜೆ ನನ್ನನ್ನು ತೊಳೆಯುವವನು ನಾಗವೇಣಿಯ ಮಾವ ಜಟ್ಟಪ್ಪ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬಾವಿಯ ಸಿಹಿನೀರನ್ನು ನನ್ನ ಹೊಟ್ಟೆಯಡಿಗೆ ಎರಚುತ್ತಿದ್ದ. "ಉಪ್ಪು ಯಾರ್ನೂ ಬಿಡೂದಿಲ್ಲ ತಮಾ" ಎಂದು ನನಗೇ ಹೇಳುತ್ತಿದ್ದ. ನನ್ನನ್ನು ತಮ್ಮ ಎಂದು ಕರೆದವನು ಅವನೊಬ್ಬನೇ. ನನಗೆ ಅವನೆಂದರೆ ಪ್ರಾಣ.

ಜಟ್ಟಪ್ಪ ಆಯುಷ್ಯವೆಲ್ಲ ರಂಪಣಿ ಎಳೆದವನು. ರಂಪಣಿ ಎಂದರೆ ದೊಡ್ಡ ಬಲೆ. ದೋಣಿಯಲ್ಲಿ ಅದನ್ನು ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟು ಬಂದು, ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ನಿಂತು ಊರವರೆಲ್ಲ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಒಂದೊಂದು ಪಾಲು ಮೀನು. ಎಳೆದದ್ದು ಎಷ್ಟು ಎಂದು ಯಾರೂ ಕೇಳುವಂತಿಲ್ಲ. ಕಣ್ಣು ಮಂಜಾದವರು, ಕೈ ನಡುಗುವವರು ಬಂದು ಹಗ್ಗ ಹಿಡಿದು "ಐಸಾ" ಎಂದರೂ ಸಾಕು, ಸಂಜೆಯ ಸಾರಿಗೆ ಮೀನು ಹಕ್ಕಿನಿಂದ ಮನೆಗೆ ಬರುತ್ತದೆ. ಜಟ್ಟಪ್ಪನ ಶಕ್ತಿ ಎಂದೋ ಮುಗಿದಿತ್ತು. ಆದರೂ ಅವನು ಒಂದು ಬಲೆಯನ್ನೂ ತಪ್ಪಿಸುತ್ತಿರಲಿಲ್ಲ. ಆ ಮೀನನ್ನು ಸೊಸೆಯ ಕೈಗೆ ಕೊಡುವಾಗ ಅವನ ಮುಖ ನೋಡಬೇಕಾಗಿತ್ತು.

ಗಂಡಾಳುಗಳೆಲ್ಲ ದೊಡ್ಡ ಬೋಟುಗಳಿಗೆ ಹೋದ ಮೇಲೆ ಬೇಲೆಯಲ್ಲಿ ಕೈಗಳು ಕಡಿಮೆಯಾದವು. ಒಂದು ಬೆಳಿಗ್ಗೆ ಬಲೆಯ ತುಂಬ ಬಂಗಡೆ ಬಿದ್ದಿತ್ತು, ಎಳೆಯಲು ಜನವಿಲ್ಲ. ಬಲೆಯ ಯಜಮಾನ ಬೊಮ್ಮಯ್ಯ ತಾಂಡೇಲ ಹಗ್ಗದ ಒಂದು ತುದಿಯನ್ನು ನನ್ನ ಹಿಂದಿನ ಕೊಕ್ಕೆಗೆ ಕಟ್ಟಿಯೇಬಿಟ್ಟ. ನಾನು ನಾಲ್ಕೂ ಗಾಲಿ ಊರಿ ದಂಡೆಯ ಮೇಲಕ್ಕೆ ಎಳೆದೆ. ಆಹಾ, ಹುಟ್ಟಿದ್ದು ಸಾರ್ಥಕ ಎನಿಸಿತು! ಪಾಲು ಹಾಕುವಾಗ ಗಾಡಿಗೆ ಎಷ್ಟು ಎಂಬ ಪ್ರಶ್ನೆ ಎದ್ದಿತು. ಹಿರಿಯರು ತಲೆ ಕೆರೆದುಕೊಂಡರು. ಮನುಷ್ಯ ಎರಡು ಕೈಯಲ್ಲಿ ಎಳೆದರೂ ಒಂದೇ ಪಾಲು, ಗಾಡಿ ಎಳೆಯುವುದು ಗಾಲಿಯಲ್ಲಿ.

ಕೊನೆಗೆ ಬೊಮ್ಮಯ್ಯ ತೀರ್ಪು ಹೇಳಿದ. "ಬೇರೆ ಗಾಡಿ ಆದ್ರೆ ಎರಡೇ ಗಾಲಿ ಎಳೀತದೆ. ಇದು ನಾಲ್ಕೂ ಎಳೀತದೆ. ನಾಲ್ಕು ಪಾಲು ಹಾಕಿ."

ನ್ಯಾಯವೇ ಎಂದು ಎಲ್ಲರೂ ಒಪ್ಪಿದರು. ನಾನಂತೂ ಉಬ್ಬಿಹೋದೆ. ನಾಗವೇಣಿಯೂ ನಗುತ್ತ ನಾಲ್ಕು ರಾಶಿಗಳನ್ನು ಬುಟ್ಟಿಗೆ ತುಂಬಿಕೊಂಡಳು.

ಮುಂದಿನ ಬಲೆಗಳಿಗೂ ಹಾಗೆಯೇ ಆಯಿತು. ನಾನಿದ್ದ ಕಡೆಯ ಹಗ್ಗಕ್ಕೆ ಜನವೇ ಬೇಡ, ಇನ್ನೊಂದು ಕಡೆ ನನ್ನ ವೇಗಕ್ಕೆ ಸರಿಯಾಗಿ ಎಳೆಯುವ ಗಟ್ಟಿ ಕೈಗಳೇ ಬೇಕು. ಅಲ್ಲದೆ ನಾನು ಎಳೆಯುವ ವೇಗಕ್ಕೆ ಮುದುಕರು ಹಗ್ಗ ಹಿಡಿದರೆ ಅಂಗೈ ಸುಲಿದುಹೋಗುವುದು. "ನೀವು ದೂರ ನಿಲ್ಲಿ, ಅಜ್ಜಾ" ಎಂದು ಬೊಮ್ಮಯ್ಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಕೈ ಹಾಕದವರಿಗೆ ಪಾಲಿಲ್ಲ. ಜಟ್ಟಪ್ಪನೂ ಅವನ ವಯಸ್ಸಿನವರೂ ಒಣಮರಳಿನ ಮೇಲೆ ಕೈಕಟ್ಟಿ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು.

ಒಂದು ಸಂಜೆ ನಾಗವೇಣಿ ಬಂಗಡೆ ಸಾರು ಬಡಿಸಿದಳು. ಜಟ್ಟಪ್ಪ ಗಂಜಿಯನ್ನಷ್ಟೇ ಉಂಡು ಎದ್ದ.

"ಮೀನು ಹಂಗೇ ಉಂಟಲ್ಲ ಮಾವಾ, ಎಂತಕ್ಕೆ?"

"ಅದು ಗಾಡಿ ಪಾಲು. ನಾ ಎಳ್ದದ್ದಲ್ಲ."

"ಗಾಡಿ ನಮ್ದೇ ಅಲ್ಲಾ?"

"ನಿಂದು ಮಗಾ. ಬೇಲೆಲಿ ನಂಗೆ ಇನ್ನೆಂತ ಕೆಲ್ಸ ಉಂಟು ಹೇಳು?"

ನಾನು ಅಂಗಳದಲ್ಲೇ ನಿಂತಿದ್ದೆ. ನಾಗವೇಣಿ ಕುತ್ತಿಗೆ ನೀವಿಕೊಳ್ಳುತ್ತ ಬಾಗಿಲಲ್ಲೇ ಕೂತಳು. ತಲೆಹೊರೆ ಬಿಡು ಎಂದಾಗ ತನಗೆ ಹೇಗಾಗಿತ್ತು ಎಂಬುದು ಅವಳಿಗೆ ಮರೆತಿರಲಿಲ್ಲ. ನನ್ನನ್ನು ತಮ್ಮ ಎಂದವನ ಪಾಲನ್ನೇ ನಾನು ತಿಂದಿದ್ದೆ. ನಾಚಿಕೆ ಆಯಿತು. ಅದುವರೆಗೆ ನಾಚಿಕೆ ಎಂದರೆ ನೆಲದ ತೂತು ಎಂದುಕೊಂಡಿದ್ದೆ.

ಮುಂದಿನ ಬಲೆಯ ದಿನ ನಾಗವೇಣಿ ಬೊಮ್ಮಯ್ಯನಿಗೆ ನೇರವಾಗಿ ಹೇಳಿದಳು, "ಹಗ್ಗ ಕಟ್ಟೂದಾದ್ರೆ ಅಜ್ಜಂದಿರು ಹಿಡ್ಕಂಡ ಮೇಲೇ ನಾ ಗಾಡಿ ಬಿಡ್ತೆ. ಅವ್ರು ನಡ್ದಷ್ಟೇ ಬಿಡ್ತೆ."

"ಹೊತ್ತು ಮಧ್ಯಾಹ್ನ ಆಗ್ತದಲ್ಲೇ ಮಾರಾಯ್ತಿ! ಮೀನು ಹಾಳಾದ್ರೆ?"

"ಐಸು ನಾ ತಂದಿದ್ದೆ. ಮತ್ತೆ ಗಾಡಿಗೆ ಪಾಲು ಬೇಡ. ಬಾಡಿಗೆ ಅಂತ ಡೀಸೆಲ್ ಹಾಕ್ಸು, ಸಾಕು."

ಬೊಮ್ಮಯ್ಯ ಕಡಲಿನತ್ತ ನೋಡಿದ, ಮನೆಗಳತ್ತ ನೋಡಿದ, ಆಮೇಲೆ ತಾನೇ ಹೋಗಿ ಮುದುಕರನ್ನು ಕರೆದುಕೊಂಡು ಬಂದ. ಅವನೂ ಕಲ್ಲುಮನಸ್ಸಿನವನಲ್ಲ. ನಾಗವೇಣಿ ನನ್ನನ್ನು ಅತಿ ಸಣ್ಣ ಗೇರಿಗೆ ಹಾಕಿದಳು. ಬೆಟ್ಟ ಹತ್ತಲು ಕೊಟ್ಟ ಗೇರು ಅದು. ಅದರಲ್ಲಿ ನಾನು ಜಟ್ಟಪ್ಪನ ಹೆಜ್ಜೆಗೆ ಹೆಜ್ಜೆ ಹಾಕಿದೆ. ಅವನು "ಐಸಾ" ಎಂದಾಗ ಒಂದಿಷ್ಟು ಎಳೆದೆ, ನಿಂತು ಉಸಿರು ತೆಗೆದಾಗ ನಾನೂ ನಿಂತೆ. ಓಡುವುದಕ್ಕಿಂತ ಅದು ಕಷ್ಟದ ಕೆಲಸ, ಎಂಜಿನ್ ಕಾದು ನೀರು ಕುದಿಯುತ್ತಿತ್ತು. ಆದರೂ ನನ್ನ ಆಯುಷ್ಯದಲ್ಲಿ ಅಷ್ಟು ಸಂತೋಷದಿಂದ ನಾನು ಎಂದೂ ಎಳೆದಿಲ್ಲ. ಆ ಸಂಜೆ ಜಟ್ಟಪ್ಪ ಎರಡು ಸಲ ಸಾರು ಹಾಕಿಸಿಕೊಂಡ.

ಕೆಲವು ವರ್ಷಗಳ ನಂತರ ಅವನ ಮಂಡಿಗಳು ಸೋತು ನಿಲ್ಲಲೂ ಆಗದಂತಾಯಿತು. ನಾಗವೇಣಿ ನನ್ನನ್ನು ಬಸ್ತ್ಯಾಂವನ ಶೆಡ್ಡಿಗೆ ಒಯ್ದು, ಹಿಂಬದಿಯಲ್ಲಿ ಕಡಲಿಗೆ ಮುಖಮಾಡಿದ ಒಂದು ಸೀಟು ಹಾಕಲು ಹೇಳಿದಳು.

"ಇದನ್ನ ಆರ್‌ಟಿಓದವ್ರು ಒಪ್ಪೂದಿಲ್ಲ ಅಕ್ಕಾ."

"ಅವ್ರು ಬೇಲೆಗೆ ಬರೂದಿಲ್ಲ. ರಸ್ತೆಗೆ ಹೋಗುವಾಗ ಬಿಚ್ಚಿಡ್ವ ಹಂಗೆ ಮಾಡು."

ಬಸ್ತ್ಯಾಂವ ನಾಲ್ಕು ನಟ್ಟಿನ ಸೀಟು ಮಾಡಿಕೊಟ್ಟ. ಪಕ್ಕದಲ್ಲಿ ಒಂದು ಕಬ್ಬಿಣದ ಕಂಬಿ ನಿಲ್ಲಿಸಿದ. ಹಗ್ಗವನ್ನು ಅದಕ್ಕೆ ಕಟ್ಟಿದರೆ ಕೂತವರ ಕೈಗೆ ಸರಿಯಾಗಿ ಸಿಗುತ್ತಿತ್ತು. ನನ್ನ ಮೈಗೆ ಮಾಡಿದ ಬದಲಾವಣೆಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದೇ. ಜಟ್ಟಪ್ಪ ಕಣ್ಣುಮುಚ್ಚುವ ವಾರದವರೆಗೂ ಅದರಲ್ಲಿ ಕೂತು ರಂಪಣಿ ಎಳೆದ, ತನ್ನ ಪಾಲನ್ನು ಮಡಿಲಲ್ಲಿ ಇಟ್ಟುಕೊಂಡು ಮನೆಗೆ ಬಂದ.

ಅವನು ಹೋದ ಮೇಲೆ ಸಂಜೆ ಸಿಹಿನೀರು ಎರಚುವವರು ಯಾರೂ ಇರಲಿಲ್ಲ. ಉಪ್ಪು ನನ್ನನ್ನೂ ಬಿಡಲಿಲ್ಲ. ಮೊದಲು ಬಾಗಿಲುಗಳು, ಆಮೇಲೆ ಬಸ್ತ್ಯಾಂವ ಹೊಗಳಿದ ಗಟ್ಟಿ ಎಲುಬು. ಎಂಜಿನ್ ತೆಗೆದು ಯಾರದೋ ದೋಣಿಗೆ ಹಾಕಿದರು. ನಾಗವೇಣಿಗೂ ಕಾಲು ಊದತೊಡಗಿ, ಅವಳ ವ್ಯಾಪಾರವನ್ನು ಮಗಳು ಸುಜಾತಾ ಹೊಸದೊಂದು ಗಾಡಿಯಲ್ಲಿ ಮಾಡುತ್ತಾಳೆ. ಗುಜರಿಯವನು ನನ್ನನ್ನು ಕೇಳಿಕೊಂಡು ಬಂದಾಗ ನಾಗವೇಣಿ ಅವನಿಗೆ ಚಹಾ ಕುಡಿಸಿ ಕಳಿಸಿದಳು. ಈಗ ನಾನು ಬೇಲೆಯ ಮೇಲಂಚಿನಲ್ಲಿ, ಗಾಳಿಮರಗಳ ಬುಡದಲ್ಲಿ ನಿಂತಿದ್ದೇನೆ. ನಾಲ್ಕು ಗಾಲಿಗಳೂ ಮರಳಿನಲ್ಲಿ ಹೂತಿವೆ. ಎಳೆದ ಹಗ್ಗ ಹಿಂದಕ್ಕೆ ಜಾರದಂತೆ ಅದರ ತುದಿಯನ್ನು ನನ್ನ ಕಂಬಿಗೆ ಸುತ್ತುತ್ತಾರೆ. ಮುಂದೆ ಸುಜಾತಾಳ ಗಾಡಿ ಸಣ್ಣ ಗೇರಿನಲ್ಲಿ ಮೆಲ್ಲಗೆ ನಡೆಯುತ್ತದೆ.

ಇವತ್ತು ಜಟ್ಟಪ್ಪನ ಆ ಸೀಟಿನಲ್ಲಿ ನಾಗವೇಣಿ ಕೂತಿದ್ದಳು. ಹಗ್ಗದ ಮೇಲೆ ಕೈಯಿಟ್ಟು, ಕಡಲು ನೋಡುತ್ತ, ಮಧ್ಯೆ ಒಮ್ಮೆ ತೂಕಡಿಸಿದಳು ಕೂಡ. ಬಲೆ ದಂಡೆಗೆ ಬಂತು. ಬೊಮ್ಮಯ್ಯನ ಮಗ, ಈಗಿನ ತಾಂಡೇಲ, ತಾರಲೆ ಮೀನಿನ ಪಾಲು ಹಾಕುತ್ತ ನಮ್ಮ ಹತ್ತಿರ ಬಂದು ನಗುತ್ತ ಕೇಳಿದ, "ಏನ್ ಅತ್ತೇ, ಹಳೇ ಗಾಡಿಗೂ ಒಂದು ಪಾಲು ಹಾಕ್ಲಾ?"

"ಗಾಡಿಗೆಂತಕ್ಕೆ? ನಂಗೆ ಹಾಕು" ಎಂದು ಅವಳು ಸೆರಗು ಒಡ್ಡಿದಳು. "ನಾ ಎಳ್ದಿದ್ದೆ."

ಅವಳು ಎಷ್ಟು ಎಳೆದಳು ಎಂಬುದು ನನಗೆ ಗೊತ್ತು. ಅವನಿಗೂ ಗೊತ್ತಿತ್ತು. ಅವನು ಏನೂ ಕೇಳದೆ ಎರಡೂ ಕೈ ತುಂಬ ಮೀನು ತೆಗೆದು ಅವಳ ಸೆರಗಿಗೆ ಹಾಕಿ ಮುಂದೆ ಹೋದ.